ಅಡವಿಟ್ಟ ಚಿನ್ನ, ಬತ್ತಿದ ಕೊಳವೆಬಾವಿ: ಮಿತವ್ಯಯದ ಪಾಠ ಯಾರಿಗೆ?

2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಭಾರತೀಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಹಾಕಿದ ಕಳ್ಳರು ಗ್ರಾಹಕರು ಅಡವಿಟ್ಟಿದ್ದ ಸುಮಾರು 17 ಕೆ.ಜಿ. ಚಿನ್ನವನ್ನು ಹೊತ್ತೊಯ್ದರು. 2025ರ ಮಾರ್ಚ್‌ನಲ್ಲಿ ದಾವಣಗೆರೆ ಜಿಲ್ಲಾ ಪೊಲೀಸರು ಅದನ್ನು ಪತ್ತೆ ಹಚ್ಚಿದಾಗ ನಾಡು ತನಿಖೆಯ ಚಾತುರ್ಯವನ್ನು ಮೆಚ್ಚಿಕೊಂಡಿತು. ಆದರೆ ಸಣ್ಣ ಪಟ್ಟಣವೊಂದರ ಒಂದೇ ಶಾಖೆಯಲ್ಲಿ ಅಷ್ಟೊಂದು ಒಡವೆ ಅಡವಿಗೆ ಬಂದದ್ದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಬಿತ್ತನೆ, ಗೊಬ್ಬರ, ಶಾಲಾ ಶುಲ್ಕ, ಆಸ್ಪತ್ರೆ ಎಂದು ಹಳ್ಳಿಯ ಮನೆಗಳಿಗೆ ಹಣದ ತುರ್ತು ಬಂದಾಗ ಮೊದಲು ಕೈಹೋಗುವುದು ಕೊರಳಿನ ಸರಕ್ಕೆ. ಆರ್ಥಿಕ ಹಿಂಜರಿತವೆಂಬುದು ನಗರದಲ್ಲಿ ಉದ್ಯೋಗ ಕಡಿತದ ಪತ್ರವಾಗಿ ಬಂದರೆ, ಇಲ್ಲಿ ಅಡವಿನ ಚೀಟಿಯಾಗಿ ಬರುತ್ತದೆ.

ಇಂಥ ಕಾಲದಲ್ಲಿ ‘ಹಾಸಿಗೆ ಇದ್ದಷ್ಟು ಕಾಲು ಚಾಚಿರಿ’ ಎಂಬ ಉಪದೇಶಕ್ಕೆ ಕೊರತೆಯಿಲ್ಲ. ಇದ್ದುದರಲ್ಲಿ ತೃಪ್ತರಾಗಿ, ಪ್ರಕೃತಿಗೆ ಹೊರೆಯಾಗದಂತೆ ಬದುಕಬೇಕೆಂಬ ಮಾತು ಸರಿಯೇ. ಆದರೆ ಹಾಸಿಗೆಯನ್ನು ಮೊಟಕು ಮಾಡಿದವರು ಯಾರು ಎಂಬುದನ್ನು ಕೇಳದೆ ಆ ಮಾತನ್ನು ಆಡುವುದು ನ್ಯಾಯವಲ್ಲ.

ಕಣದಲ್ಲಿ ಉಳಿದ ಜೋಳ

ಮೆಕ್ಕೆಜೋಳದ ಕಣಜವೆನಿಸಿದ ದಾವಣಗೆರೆ ಜಿಲ್ಲೆಯ ಅನುಭವವನ್ನೇ ನೋಡಿ. 2025-26ನೇ ಸಾಲಿಗೆ ಕೇಂದ್ರವು ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಪ್ರಕಟಿಸಿತ್ತು. ಫಸಲು ಕೈಗೆ ಬಂದ ನವೆಂಬರ್‌ನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ದೊರೆತದ್ದು 1,600ರಿಂದ 1,800 ರೂಪಾಯಿ. ಎಥೆನಾಲ್ ತಯಾರಿಕೆಗೆ ಬೇಡಿಕೆ ಇದೆಯೆಂಬ ಭರವಸೆಯೂ ಬಿತ್ತನೆಯ ವಿಸ್ತೀರ್ಣವನ್ನು ಹಿಗ್ಗಿಸಿತ್ತು. ಕೊಳ್ಳುವ ವ್ಯವಸ್ಥೆ ಮಾತ್ರ ಅದರೊಂದಿಗೆ ಹಿಗ್ಗಲಿಲ್ಲ. ರೈತರು ಬೀದಿಗಿಳಿದ ಬಳಿಕವೇ ಖರೀದಿಯ ಮಾತು ಕೇಳಿಬಂತು. ಮಳೆಯನ್ನೇ ನಂಬಿದ ಜಗಳೂರಿನ ಸಣ್ಣ ಹಿಡುವಳಿದಾರನಿಗೆ ಕ್ವಿಂಟಲ್‌ಗೆ ಆರುನೂರು ರೂಪಾಯಿ ಕಳೆದುಹೋದರೆ, ಅದನ್ನು ಯಾವ ಮಿತವ್ಯಯವೂ ತುಂಬಿಕೊಡಲಾರದು.

ಆ ಕಂದಕವನ್ನು ತುಂಬಲು ಬರುವುದು ಸಾಲ. ಸಾಲ ವಸೂಲಿಯ ಕಿರುಕುಳ ಮಿತಿಮೀರಿದಾಗ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ನೀಡುವವರ ಬಲವಂತದ ಕ್ರಮಗಳನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಅದು ಸಾಲಗಾರನ ಮಾನವನ್ನು ಕಾಯಬಲ್ಲದು. ಅವನು ಸಾಲ ಮಾಡಬೇಕಾದ ಕಾರಣವನ್ನು ನಿವಾರಿಸಲಾರದು.

ನೀರಿನ ಮೇಲೂ ಸಾಲ

ಚನ್ನಗಿರಿಯ ಕಥೆ ಬೇರೆ. ಅಡಕೆ ಈ ತಾಲ್ಲೂಕಿಗೆ ಐಶ್ವರ್ಯ ತಂದಿದೆ. ಬೆಳೆಗಾರರ ಸಹಕಾರ ಸಂಸ್ಥೆ ‘ತುಮ್ಕೋಸ್’ ಮಾರಾಟಕ್ಕೆ ಬಲ ನೀಡಿದೆ. ಬೆಲೆಯ ಆಕರ್ಷಣೆಯಿಂದ ಭತ್ತದ ಗದ್ದೆಗಳೂ ಖುಷ್ಕಿ ಹೊಲಗಳೂ ತೋಟಗಳಾದವು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಈ ವಿಸ್ತರಣೆಯ ಬೆಲೆ ತಿಳಿಯಿತು. ಭದ್ರಾ ನಾಲೆಗೆ ನೀರು ಹರಿಸುವ ಪ್ರಶ್ನೆ ಜಗಳಕ್ಕೆ ತಿರುಗಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡರು. ಭತ್ತವಾದರೆ ಒಂದು ಹಂಗಾಮು ಬಿಡಬಹುದು. ವರ್ಷಗಟ್ಟಲೆ ಸಾಕಿದ ಅಡಕೆ ಮರವನ್ನು ಒಂದು ಬೇಸಿಗೆಯೂ ಒಣಗಲು ಬಿಡುವಂತಿಲ್ಲ. ಮರವೇ ರೈತನನ್ನು ಕಟ್ಟಿಹಾಕುತ್ತದೆ.

ಅದೇ ತಾಲ್ಲೂಕಿನಲ್ಲಿ ಶತಮಾನಗಳಿಂದ ನಿಂತಿರುವ ಸೂಳೆಕೆರೆ, ಅಂದರೆ ಶಾಂತಿಸಾಗರ, ಬೇರೊಂದು ಲೆಕ್ಕವನ್ನು ಹೇಳುತ್ತದೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಿದವರು ಮುಂದಿನ ತಲೆಮಾರಿಗೆ ಆಸ್ತಿ ಬಿಟ್ಟುಹೋದರು. ಸಾವಿರಾರು ಅಡಿ ಕೊರೆದು ನೀರೆತ್ತುವ ನಾವು ಬಿಟ್ಟುಹೋಗುವುದು ಸಾಲವನ್ನು.

ಕೃತಜ್ಞತೆ ಎಂದರೇನು?

ಭೂಮಿ ಹುಣ್ಣಿಮೆಯಂದು ತೆನೆಗಟ್ಟಿದ ಹೊಲಕ್ಕೆ ಎಡೆ ಒಯ್ದು ಚರಗ ಚೆಲ್ಲುವುದು ನಮ್ಮ ರೈತರ ಪದ್ಧತಿ. ತುಂಬಿದ ಬಸುರಿಯ ಬಯಕೆಯನ್ನು ತೀರಿಸುವಂತೆ ಭೂಮಿಗೆ ಉಣಬಡಿಸುವ ಈ ಆಚರಣೆಯಲ್ಲಿ ಕೃತಜ್ಞತೆ ಬರಿಯ ಭಾವವಲ್ಲ, ಪಡೆದುದರಲ್ಲಿ ಒಂದು ಪಾಲನ್ನು ಹಿಂದಿರುಗಿಸುವ ಕ್ರಿಯೆ. ಅದೇ ಅಳತೆಗೋಲನ್ನು ಇಂದಿಗೆ ಹಿಡಿದರೆ ಕೆರೆಯ ಹೂಳೆತ್ತುವುದು, ಅಡಕೆಗೆ ಹನಿ ನೀರಾವರಿ ಅಳವಡಿಸುವುದು, ಮೆಕ್ಕೆಜೋಳದ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲುಗಳನ್ನು ಮರಳಿ ತರುವುದು ಇವೆಲ್ಲ ಚರಗದ ಮುಂದುವರಿಕೆಯೇ. ಒಂದು ಬೆಳೆಯ ಬೆಲೆ ಬಿದ್ದರೂ ಮನೆಯ ಹಗೇವು ಬರಿದಾಗದು.

ಆದರೆ ಹಿಂದಿರುಗಿಸುವ ಹೊಣೆ ರೈತನೊಬ್ಬನದಲ್ಲ. ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕಾದರು. ಭದ್ರಾ ಮೇಲ್ದಂಡೆಗೆ 2023-24ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಆ ಹಣಕ್ಕಾಗಿ ರಾಜ್ಯವು ಆಮೇಲೂ ಮತ್ತೆ ಮತ್ತೆ ಒತ್ತಾಯಿಸಬೇಕಾಯಿತು. ಹೊನ್ನಾಳಿ, ನ್ಯಾಮತಿಗಳ ತಾಂಡಾಗಳಿಂದ ಕಾಫಿ ತೋಟಕ್ಕೂ ಕಬ್ಬು ಕಡಿಯಲೂ ಗುಳೆ ಹೋಗುವ ಕುಟುಂಬಗಳು ಈಗಾಗಲೇ ಕನಿಷ್ಠದಲ್ಲೇ ಬದುಕುತ್ತಿವೆ. ಅವರಿಗೆ ಸರಳ ಜೀವನ ಬೋಧಿಸುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ.

ಸರ್ಕಾರ ಫಸಲು ಬರುವ ಮುನ್ನವೇ ಖರೀದಿ ಕೇಂದ್ರ ತೆರೆಯಲಿ. ಸಹಕಾರ ಸಂಘಗಳು ಒಡವೆಯ ಬದಲು ಉಗ್ರಾಣದ ಧಾನ್ಯದ ಮೇಲೆ ಸಾಲ ಕೊಡುವುದನ್ನು ವಿಸ್ತರಿಸಲಿ. ನಗರದ ಓದುಗರು ರಾಗಿ, ಜೋಳ, ಬೇಳೆಗೆ ನ್ಯಾಯವಾದ ಬೆಲೆ ತೆರಲು ಹಿಂಜರಿಯದಿರಲಿ. ಮಿತವ್ಯಯದ ಪಾಠ ಹೆಚ್ಚು ಬಳಸುವವರಿಂದ ಆರಂಭವಾಗಬೇಕು. ಕೃತಜ್ಞತೆಯ ಪಾಠ, ಉಣ್ಣುವವರಿಂದ.