ಕೀಲಿ ಕೈ ಹಾಕುವವನ ಜೇಬಿನಲ್ಲಿರಲಿ



ಮುಂಬಯಿಯ ನಮ್ಮ ಅಡುಗೆಮನೆಗಳಲ್ಲಿ ಕಾಣುವ ನೋಟವಿದು. ಕರೆಂಟ್ ಹೋಗಿದೆ. ಹುಡುಗ ಗ್ರೈಂಡರಿಗೆ ಕೈ ಹಾಕಿ ಹಿಟ್ಟು ಬಳಿಯುತ್ತಿದ್ದಾನೆ. ಸ್ವಿಚ್ ಮಾತ್ರ ಹಾಕಿಯೇ ಇದೆ. ಕರೆಂಟ್ ಬಂದೊಡನೆ ಕಲ್ಲು ತಿರುಗುತ್ತದೆ. ಒಳಗಿರುವ ಕೈ ಯಾರದೆಂದು ಅದು ಕೇಳುವುದಿಲ್ಲ.

ಸ್ವಿಚ್ ಆರಿಸಿದರೆ ಸಾಲದೇ? ಸಾಲದು. ಆರಿಸಿದ್ದನ್ನು ಗಡಿಬಿಡಿಯಲ್ಲಿ ಇನ್ನೊಬ್ಬ ಹಾಕಿಬಿಡಬಹುದು. ಅದಕ್ಕೆಂದೇ ಅಮೆರಿಕದಲ್ಲಿ 1989ರಲ್ಲಿ, ದುರಸ್ತಿಗೆ ಮುನ್ನ ಯಂತ್ರದ ಶಕ್ತಿಮೂಲಕ್ಕೆ ಬೀಗ ಹಾಕುವ ನಿಯಮ ಹೊರಡಿಸಲಾಯಿತು.

ನಮಗೂ ಇದು ದೊಡ್ಡ ಖರ್ಚಲ್ಲ. ಪ್ಲಗ್ ಇದ್ದರೆ ಕಿತ್ತು, ಕೆಲಸ ಮಾಡುವವನ ಕಣ್ಣೆದುರೇ ಇಡಿ. ನೇರ ವೈರಿಂಗ್ ಇದ್ದರೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕಿ. ಕೀಲಿ ನಮ್ಮ ಗಲ್ಲಾದಲ್ಲಲ್ಲ, ಅವನ ಜೇಬಿನಲ್ಲಿರಲಿ. 'ಕೆಲಸ ನಡೆದಿದೆ, ಸ್ವಿಚ್ ಹಾಕಬೇಡಿ' ಎಂಬ ಫಲಕ ಹಿಂದಿಯಲ್ಲೂ ಇರಲಿ. ಬಳಿಕ ಯಂತ್ರದ ಸ್ವಿಚ್ ಒಮ್ಮೆ ಹಾಕಿ, ಚಾಲೂ ಆಗದೆಂದು ಖಚಿತಪಡಿಸಿಕೊಂಡು ಮತ್ತೆ ಆರಿಸಿ. ಇಡ್ಲಿ ಬಾಯ್ಲರಿಗೆ ಗ್ಯಾಸ್ ಬಂದ್ ಮಾಡಿದರಷ್ಟೇ ಆಗದು. ಒಳಗಿನ ಹಬೆಯೂ ಪೂರ್ತಿ ಇಳಿಯಬೇಕು.

ಮುಹೂರ್ತದ ಊಟ ತಡವಾದೀತೆಂಬ ನಮ್ಮ ಚಿಂತೆ ಸುಳ್ಳಲ್ಲ. ತಡವಾದ ಊಟಕ್ಕೆ ಕ್ಷಮೆ ಕೇಳಬಹುದು. ನಮ್ಮನ್ನು ನಂಬಿ ಊರಿನಿಂದ ಬಂದ ಹುಡುಗನ ಬೆರಳು ಹೋದರೆ ಅವನ ತಾಯಿಗೆ ಏನೆಂದು ಹೇಳೋಣ?