ಕಬ್ಬಾಳದ ಕಲ್ಲು ಯಾರಿಗೂ ಬೇಡವೇ?

ನಮ್ಮ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯದು ಅಷ್ಟಾಗಿ ಬೇಯದ ಪದರಶಿಲೆ. ದಕ್ಷಿಣಕ್ಕೆ ಹೋದಷ್ಟೂ ಭೂಮಿಯ ಆಳದಲ್ಲಿ ಬೆಂದ ಕಲ್ಲು ಮೇಲೆ ಕಾಣುತ್ತೆ. ಕನಕಪುರದ ಹತ್ತಿರದ ಕಬ್ಬಾಳದಲ್ಲಂತೂ ಒಂದೇ ಬಂಡೆಯಲ್ಲಿ ಬೂದುಬಣ್ಣದ ನೈಸ್ ಕಡುಹಸಿರು ಚಾರ್ನಕೈಟ್ ಆಗಿ ಬದಲಾಗಿದೆ: ನೀರಿನಂಶ ಹೋಗಿ, ಬಯೊಟೈಟ್ ಇದ್ದಲ್ಲಿ ಹೈಪರ್‌ಸ್ತೀನ್ ಹುಟ್ಟಿದೆ. ಚಾರ್ನಕೈಟ್ ಅಂದ್ರೆ ಶಿಲಾರಸ ಆರಿ ಆದದ್ದು ಅಂತಷ್ಟೇ ನಂಬಿದ್ದವರಿಗೆ ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚಮುತ್ತು 1960ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ತೋರಿಸಿಕೊಟ್ಟರು.

ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನ ಚಾರ್ನಕೈಟ್ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಲಾಲ್‌ಬಾಗ್ ಬಂಡೆಯೂ ಹೌದು. ಕಬ್ಬಾಳ ಮಾತ್ರ ಆ ಪಟ್ಟಿಯಲ್ಲಿಲ್ಲ! ಅಭಿವೃದ್ಧಿಗೆ ಕಲ್ಲು ಬೇಡವಾ ಅಂತೀರಾ? ಬೇಕು ಸ್ವಾಮಿ. ಜಲ್ಲಿ ಎಲ್ಲಾದ್ರೂ ಸಿಗುತ್ತೆ. ಕಲ್ಲು ಕಲ್ಲಾಗಿ ಮಾರ್ಪಟ್ಟ ಸಾಕ್ಷಿ ಒಡೆದರೆ ಮತ್ತೆ ಸಿಗಲ್ಲ. ಒಂದು ಬೇಲಿ, ಒಂದು ಕನ್ನಡ ಫಲಕ. ಅಷ್ಟೂ ಆಗಲ್ವಾ?