ಸೂಜಿಯ ಭಯ, ವಿಳಂಬದ ಅಪಾಯ

ತೀವ್ರ ಅಲರ್ಜಿಯಿಂದ ಉಸಿರು ಕಟ್ಟಿದಾಗ ತೊಡೆಯ ಸ್ನಾಯುವಿಗೆ ರೋಗಿಯೇ ಅಡ್ರಿನಲಿನ್ ಚುಚ್ಚಿಕೊಳ್ಳುವುದು ಪ್ರಾಣರಕ್ಷಕ ಕ್ರಮ. ಆದರೆ ಸೂಜಿಗೆ ಹೆದರಿ ತಡಮಾಡುವವರಿದ್ದಾರೆ. ಅಪಾಯವಿರುವುದು ಆ ವಿಳಂಬದಲ್ಲಿಯೇ. ಸೂಜಿಯಿಲ್ಲದ ಅಡ್ರಿನಲಿನ್ ಮೂಗಿನ ಸ್ಪ್ರೇಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಆಗಸ್ಟ್‌ನಲ್ಲಿ ಅನುಮೋದನೆ ನೀಡಿದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ಹಾಗೆಂದು ಚುಚ್ಚುಮದ್ದಿನ ಮಹತ್ವವೇನೂ ತಗ್ಗಿಲ್ಲ. ತೊಡೆಯ ಹೊರಮಗ್ಗುಲಿನ ಮಧ್ಯಭಾಗದ ದಪ್ಪ ಸ್ನಾಯುವಿನಿಂದ ಔಷಧ ಬೇಗನೆ ರಕ್ತಕ್ಕೆ ಸೇರುತ್ತದೆ. ಕಾಲನ್ನು ಅಲುಗಿಸದೆ, ಔಷಧ ತುಂಬಿದ ಸ್ವಯಂಚಾಲಿತ ಪೆನ್ನನ್ನು ನೇರವಾಗಿ ಒತ್ತಿ ಕೆಲ ಕ್ಷಣ ಹಿಡಿಯಬೇಕು, ಉಡುಪು ಕಳಚಬೇಕಿಲ್ಲ. ಬಳಿಕ ಆಸ್ಪತ್ರೆಗೆ ತೆರಳುವುದು ಅನಿವಾರ್ಯ.

ಔಷಧದ ಚೀಟಿ ಬರೆದುಕೊಟ್ಟರಷ್ಟೇ ಸಾಲದು. ಸೂಜಿಯಿಲ್ಲದ ತರಬೇತಿ ಪೆನ್ನಿನಲ್ಲಿ ರೋಗಿಗೂ ಮನೆಯವರಿಗೂ ಮೊದಲೇ ಅಭ್ಯಾಸ ಮಾಡಿಸಬೇಕು. ಕೈಗೆ ರೂಢಿಯಾದ ಕೆಲಸಕ್ಕೆ ಮನಸ್ಸು ಅಂಜುವುದು ಕಡಿಮೆ.